ಬಯಲಲ್ಲಿ ನಡೆಯುವ ಮೇಸನ್ ಡಿಗ್ರಿಗೆ ಹೋಗುವುದು ಹೇಗೆ: ಅಮೆರಿಕಕ್ಕೆ ಹೊರಟ ಮುಂಬೈ ಬ್ರದರ್‌ಗಳಿಗೆ

ಜೂನ್ ಬಂತೆಂದರೆ ಮುಲುಂಡ್, ಡೊಂಬಿವಲಿ, ಚೆಂಬೂರು ಕಡೆಯ ನಮ್ಮವರ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಗಂಡ ಹೆಂಡತಿ ಇಬ್ಬರೂ ಮಗಳ ಮನೆಗೋ ಮಗನ ಮನೆಗೋ ಅಂತ ಅಮೆರಿಕಕ್ಕೆ ಹೊರಡುತ್ತಾರೆ. ಇಲ್ಲಿ ಮಳೆ ಸುರಿಯುವಾಗ ಅಲ್ಲಿ ಒಳ್ಳೆಯ ಬೇಸಿಗೆ. ಫ್ರೀಮೇಸನ್ ಅನ್ನುವ ನಮ್ಮ ಸೋದರ ಸಂಘದ (ಸದಸ್ಯರು ಒಬ್ಬರನ್ನೊಬ್ಬರು ಬ್ರದರ್ ಅನ್ನುತ್ತೇವೆ) ಅಲ್ಲಿನ ಕೆಲವು ಲಾಡ್ಜ್‌ಗಳು ಹಾಲ್ ಬಿಟ್ಟು ಹೊರಗೆ ಬಂದು, ಬೆಟ್ಟದ ಮೇಲೋ, ಕಾಡಿನ ನಡುವೆಯೋ, ಹಳೆಯ ಕಲ್ಲು ಕ್ವಾರಿಯಲ್ಲೋ ಡಿಗ್ರಿ ಕೊಡುವುದು ಹೆಚ್ಚಾಗಿ ಈ ಬೇಸಿಗೆಯಲ್ಲೇ.

ನಾನು ಇಂಥದಕ್ಕೆ ಎರಡು ವರ್ಷ ಹೋಗಿದ್ದೇನೆ. ಮೊದಲ ವರ್ಷ ಗೇಟಿನ ಹೊರಗೇ ಉಳಿದೆ. ಎರಡನೇ ವರ್ಷ ಒಳಗೆ ಕೂತೆ. ಎರಡರಿಂದಲೂ ಕಲಿತದ್ದನ್ನು ಬರೆಯುತ್ತಿದ್ದೇನೆ, ಯಾಕೆಂದರೆ ಹೊರಡುವ ಮುಂಚೆ ನನಗೆ ಇದನ್ನೆಲ್ಲ ಹೇಳುವವರು ಯಾರೂ ಸಿಗಲಿಲ್ಲ.

ಒಂದು ಮಾತು ಮೊದಲೇ ಗೊತ್ತಿರಲಿ. ಆ ಸಂಜೆ ಡಿಗ್ರಿ ತೆಗೆದುಕೊಳ್ಳುವ ಹೊಸಬನದ್ದು. ಅವನಿಗೆ ಅದು ಜೀವನದಲ್ಲಿ ಒಂದೇ ಸಲ ಬರುವ ಸಂಜೆ. ಬಯಲಲ್ಲಿ ಗೋಡೆ ಇಲ್ಲ, ಬಾಗಿಲಿಲ್ಲ. ಕೂತವರು ಸುಮ್ಮನೆ ಇದ್ದರೆ ಅದೇ ಗೋಡೆ. ಮುಂದೆ ನಾನು ಹೇಳುವ ಕಾಗದ, ಬೂಟು, ಮಾತ್ರೆ, ಕುರ್ಚಿ ಎಲ್ಲವೂ ಆ ಮೌನ ಕೆಡದಿರಲಿ ಅಂತಲೇ.

ಮೇಸನ್ ಅಲ್ಲದವರೂ ಇದನ್ನು ಓದುತ್ತಿರಬಹುದು, ಅವರಿಗೆ ಎರಡು ಸಾಲು. ಇಲ್ಲಿ ಲಾಡ್ಜ್ ಅಂದರೆ ರೂಮು ಬಾಡಿಗೆಗೆ ಕೊಡುವ ಜಾಗವಲ್ಲ, ಸದಸ್ಯರ ಕೂಟ. ಡಿಗ್ರಿ ಅಂದರೆ ಕಾಲೇಜಿನದ್ದಲ್ಲ, ಸದಸ್ಯನನ್ನು ಒಂದೊಂದೇ ಮೆಟ್ಟಿಲು ಹತ್ತಿಸುವ ವಿಧಿ. ಎಂಟರ್ಡ್ ಅಪ್ರೆಂಟಿಸ್, ಫೆಲೋ ಕ್ರಾಫ್ಟ್, ಮಾಸ್ಟರ್ ಮೇಸನ್ ಅಂತ ಮೂರು. ಕಲ್ಲುಕುಟಿಗರ ಕಸುಬಿನಿಂದ ಬಂದ ಮಾತುಗಳಿವು. ಮೂಲೆಮಟ್ಟ, ಕೈವಾರ, ರಸಮಟ್ಟ, ತೂಕದ ಗುಂಡು, ಸುತ್ತಿಗೆ, ಉಳಿ ಎಲ್ಲವನ್ನೂ ನಡತೆ ತಿದ್ದುವ ಪಾಠಕ್ಕೆ ಬಳಸುತ್ತಾರೆ. ಡಿಗ್ರಿಯ ಒಳಗೆ ಆಡುವ ಮಾತನ್ನು ಹೊರಗೆ ಹೇಳುವ ಹಾಗಿಲ್ಲ. ನಾನೂ ಹೇಳುವುದಿಲ್ಲ. ಅದು ಇಲ್ಲದೆಯೇ ಹೇಳಬೇಕಾದದ್ದು ಬೇಕಾದಷ್ಟಿದೆ.

ಬಯಲಲ್ಲಿ ಯಾಕೆ?

ಹಾಲ್ ಇಲ್ಲ ಅಂತಲ್ಲ. ಅಮೆರಿಕದ ಸಣ್ಣ ಊರಲ್ಲೂ ಲಾಡ್ಜ್ ಕಟ್ಟಡ ಇರುತ್ತದೆ. ನಮ್ಮ ಹಿಂದಿನವರು ಎತ್ತರದ ಬೆಟ್ಟದ ಮೇಲೂ ತಗ್ಗಿನ ಕಣಿವೆಯಲ್ಲೂ ಸೇರುತ್ತಿದ್ದರು, ಕದ್ದು ಕೇಳಲು ಬರುವವರು ದೂರದಿಂದಲೇ ಕಾಣಲಿ ಅಂತ, ಎಂದು ಅಲ್ಲಿನ ಹಳೆಯ ಪಾಠದಲ್ಲಿ ಬರುತ್ತದೆ. ಕದ್ದು ಕೇಳುವವನಿಗೆ ಇಂಗ್ಲಿಷಿನಲ್ಲಿರುವ ಈವ್ಸ್‌ಡ್ರಾಪರ್ ಅನ್ನುವ ಮಾತೇ ಸೂರಿನಿಂದ ನೀರು ತೊಟ್ಟಿಕ್ಕುವ ಜಾಗದಲ್ಲಿ ನಿಂತವನು ಅನ್ನುವುದರಿಂದ ಬಂದದ್ದು. ಮಳೆಗಾಲದಲ್ಲಿ ಫೋರ್ಟಿನ ಕಟ್ಟಡಗಳ ಸೂರಿನ ಕೆಳಗೆ ನಿಂತವರಿಗೆ ಈ ಚಿತ್ರ ತಟ್ಟನೆ ಹೊಳೆಯುತ್ತದೆ, ಅಲ್ವಾ? ಬಯಲಲ್ಲಿ ಸೂರೇ ಇಲ್ಲ.

ಹಾಲ್ ಸುಟ್ಟುಹೋಗಿ ಬೆಟ್ಟ ಹತ್ತಿದವರೂ ಇದ್ದಾರೆ. ನೆವಾಡಾ ರಾಜ್ಯದ ವರ್ಜೀನಿಯಾ ಸಿಟಿಯ ಮೇಸನ್‌ಗಳು 1875ರಲ್ಲಿ ಹಾಗೆ ಡೇವಿಡ್‌ಸನ್ ಬೆಟ್ಟದ ಮೇಲೆ ಲಾಡ್ಜ್ ತೆರೆದಿದ್ದರು.

ಕ್ವಾರಿಗೆ ಇನ್ನೂ ಒಂದು ಅರ್ಥ ಇದೆ. ಸೊಲೊಮನ್ ರಾಜನ ದೇವಾಲಯಕ್ಕೆ ಕಲ್ಲನ್ನು ಕ್ವಾರಿಯಲ್ಲೇ ಕಡಿದು ಸಿದ್ಧ ಮಾಡಿ ತಂದರು, ಕಟ್ಟುವ ಜಾಗದಲ್ಲಿ ಸುತ್ತಿಗೆಯ ಸದ್ದಾಗಲಿ ಕೊಡಲಿಯ ಸದ್ದಾಗಲಿ ಕೇಳಲಿಲ್ಲ ಅಂತ ಬೈಬಲ್‌ನ ಅರಸುಗಳ ಮೊದಲ ಪುಸ್ತಕದಲ್ಲಿದೆ. ಕ್ವಾರಿಯ ಕಲ್ಲುಗೋಡೆಗಳ ನಡುವೆ ಕೂತಾಗ ಈ ಸಾಲು ನೆನಪಾಗದೇ ಇರದು. ನಾನು ಕಾರ್ಕಳ ಕಡೆಯವನು. 1432ರಲ್ಲಿ ನಿಲ್ಲಿಸಿದ ಗೊಮ್ಮಟನನ್ನು ಚಿಕ್ಕಂದಿನಿಂದ ನೋಡುತ್ತ ಬೆಳೆದವನು. ಒಂದು ದೊಡ್ಡ ಕಲ್ಲಿನ ಹಿಂದೆ ಎಷ್ಟು ಜನರ ತಾಳ್ಮೆ ಇರುತ್ತದೆ ಅಂತ ನಮ್ಮ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಮೊದಲ ಕೆಲಸ: ಕಾಗದ

ಟಿಕೆಟ್ ಬುಕ್ ಮಾಡಿದ ದಿನವೇ ಇದನ್ನು ಶುರು ಮಾಡಿ. ಎರಡು ತಿಂಗಳು ಇಟ್ಟುಕೊಳ್ಳಿ.

ಲಾಡ್ಜ್‌ಗಳ ಮೇಲಿನ ಆಡಳಿತ ಮಂಡಳಿಗೆ ಗ್ರ್ಯಾಂಡ್ ಲಾಡ್ಜ್ ಅನ್ನುತ್ತಾರೆ. ಭಾರತದಲ್ಲಿ ನಮಗೆ ಅದು ಒಂದೇ. 1961ರ ನವೆಂಬರ್ 24ರಂದು ಹುಟ್ಟಿದ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ. ಅದರ ಕೆಳಗೆ ನಾಲ್ಕು ರೀಜನಲ್ ಗ್ರ್ಯಾಂಡ್ ಲಾಡ್ಜ್, ಮುಂಬೈ ಬರುವುದು ಪಶ್ಚಿಮಕ್ಕೆ. ಅಮೆರಿಕದಲ್ಲಿ ಹಾಗಿಲ್ಲ. ಒಂದೊಂದು ರಾಜ್ಯಕ್ಕೂ ಬೇರೆಯೇ ಗ್ರ್ಯಾಂಡ್ ಲಾಡ್ಜ್, ರಾಜಧಾನಿ ವಾಷಿಂಗ್ಟನ್ ಸೇರಿ 51. ಇದರ ಜೊತೆಗೆ ಪ್ರಿನ್ಸ್ ಹಾಲ್ ಗ್ರ್ಯಾಂಡ್ ಲಾಡ್ಜ್‌ಗಳು ಇವೆ, ಬಾಸ್ಟನ್ನಿನ ಪ್ರಿನ್ಸ್ ಹಾಲ್ ಮತ್ತು ಅವರ ಜೊತೆಗಿದ್ದ ಕಪ್ಪು ಜನಾಂಗದ ಬ್ರದರ್‌ಗಳು 1784ರಲ್ಲಿ ಲಂಡನ್ನಿನಿಂದ ಚಾರ್ಟರ್ (ಲಾಡ್ಜ್ ನಡೆಸುವ ಅಧಿಕಾರಪತ್ರ) ಪಡೆದು ಬೆಳೆಸಿದ ಪರಂಪರೆ. ಯಾರು ಯಾರನ್ನು ಮಾನ್ಯ ಮಾಡಿದ್ದಾರೆ ಅನ್ನುವುದನ್ನು ಪ್ರತಿಯೊಂದು ಗ್ರ್ಯಾಂಡ್ ಲಾಡ್ಜ್ ತಾನೇ ತೀರ್ಮಾನಿಸುತ್ತದೆ. ಮೇಸನ್ ಅಂತ ಬೋರ್ಡ್ ಹಾಕಿಕೊಂಡು ಯಾರೂ ಮಾನ್ಯ ಮಾಡದ ಗುಂಪುಗಳೂ ಇವೆ. ಹಾಗಾಗಿ ಮಗಳ ಪಕ್ಕದ ಮನೆಯವರು ಪ್ರೀತಿಯಿಂದ "ಬನ್ನಿ ಅಂಕಲ್" ಅಂದ ಕೂಡಲೇ ಹೊರಡಬೇಡಿ. ಲಾಡ್ಜ್‌ನ ಹೆಸರು, ನಂಬರು, ಊರು, ರಾಜ್ಯ ಬರೆದುಕೊಂಡು ನಿಮ್ಮ ಲಾಡ್ಜ್ ಸೆಕ್ರೆಟರಿಗೆ ಕೊಡಿ. ಅವರು ಮೇಲಿನ ಕಚೇರಿಯ ಮೂಲಕ ವಿಚಾರಿಸಿ, ಅಲ್ಲಿನ ಗ್ರ್ಯಾಂಡ್ ಸೆಕ್ರೆಟರಿಗೆ ಬರೆಸಲಿ. ಸುತ್ತುಬಳಸಿನ ದಾರಿ ಅನ್ನಿಸಬಹುದು. ಆದರೆ ಗೇಟಿನಲ್ಲಿ ನಡೆಯುವುದು ಈ ದಾರಿಯಲ್ಲಿ ಬಂದ ಕಾಗದ ಮಾತ್ರ.

ಕೈಯಲ್ಲಿ ಇರಬೇಕಾದದ್ದು ಮೂರು: ನಿಮ್ಮ ಗ್ರ್ಯಾಂಡ್ ಲಾಡ್ಜ್ ಸರ್ಟಿಫಿಕೇಟ್, ಈ ವರ್ಷದ ಚಂದಾ ಕಟ್ಟಿದ ರಸೀದಿ, ಮತ್ತು ನೀವು ಬಾಕಿಯಿಲ್ಲದ ಸದಸ್ಯರು ಅಂತ ಲಾಡ್ಜ್ ಲೆಟರ್‌ಹೆಡ್‌ನಲ್ಲಿ ಸೆಕ್ರೆಟರಿ ಸಹಿ ಮಾಡಿದ ಪತ್ರ. ಪಾಸ್‌ಪೋರ್ಟಿನಲ್ಲಿರುವ ಹೆಸರೂ ಇವುಗಳಲ್ಲಿರುವ ಹೆಸರೂ ಒಂದೇ ಇರಲಿ. ನಮ್ಮಲ್ಲಿ ಇನಿಶಿಯಲ್ ಒಂದು ಕಡೆ, ಊರ ಹೆಸರು ಇನ್ನೊಂದು ಕಡೆ, ಮುಂಬೈಗೆ ಬಂದ ಮೇಲೆ ಅಪ್ಪನ ಹೆಸರು ನಡುವೆ ಸೇರಿಕೊಂಡದ್ದು ಮತ್ತೊಂದು ಕಡೆ. ಅಲ್ಲಿಯವರಿಗೆ ಇದು ಮೂರು ಬೇರೆ ಮನುಷ್ಯರ ಹಾಗೆ ಕಾಣುತ್ತದೆ. ಪತ್ರದಲ್ಲೇ "ಈ ಎರಡೂ ಹೆಸರು ಒಬ್ಬರದ್ದೇ" ಅಂತ ಒಂದು ಸಾಲು ಬರೆಸಿಕೊಳ್ಳಿ.

ನನ್ನ ಮೊದಲ ವರ್ಷ ಕೆಟ್ಟದ್ದು ಇಲ್ಲೇ. ಚಂದಾ ಕಟ್ಟಿದ್ದೆ. ರಸೀದಿ ಮಾತ್ರ ಹಿಂದಿನ ವರ್ಷದ್ದು, ಹೊಸದು ಬರುವುದು ತಡವಾಗಿತ್ತು, ಪತ್ರವೂ ನಾನು ಹೊರಡುವ ಹೊತ್ತಿಗೆ ಕೈ ಸೇರಲಿಲ್ಲ. ಫೋನಿನಲ್ಲಿ ಬ್ಯಾಂಕ್ ಎಂಟ್ರಿ ತೋರಿಸಿದರೆ ಆಗುತ್ತದೆ ಅಂದುಕೊಂಡೆ. ಆಗಲಿಲ್ಲ. ಮೂವರು ಹಿರಿಯರು ಕಾಗದ ನೋಡಿ, ತುಂಬಾ ಮರ್ಯಾದೆಯಿಂದಲೇ, ಒಳಗೆ ಬಿಡಲು ಆಗುವುದಿಲ್ಲ ಅಂದರು. ಅವರು ಮಾಡಿದ್ದು ಸರಿ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೂ ಹತ್ತೊಂಬತ್ತು ವರ್ಷ ಏಪ್ರನ್ (ಮೇಸನ್ ಲಾಡ್ಜ್‌ನಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳುವ ಗುರುತಿನ ವಸ್ತ್ರ) ಕಟ್ಟಿದವನು ಕಾರಿನ ಪಕ್ಕ ಕೂತು, ಬೆಟ್ಟದ ಆಚೆಯಿಂದ ಗ್ಯಾವಲ್ (ಸಭೆ ನಡೆಸುವವರ ಸಣ್ಣ ಸುತ್ತಿಗೆ) ಬಡಿದ ಸದ್ದು ಮಾತ್ರ ಕೇಳಿಸಿಕೊಳ್ಳುವುದು ಕಷ್ಟವೇ. ನನ್ನ ಹೆಂಡತಿ ಪಕ್ಕದಲ್ಲಿ ಕೂತು, "ಇರಲಿ ಬಿಡ್ರೀ, ಬರುವ ವರ್ಷ ಸರಿಯಾಗಿ ಬರೋಣ" ಅಂದಳು. ಬರುವ ವರ್ಷ ಮಾರ್ಚ್‌ನಲ್ಲೇ ಕಾಗದ ಶುರು ಮಾಡಿದೆ.

ಯಾವ ಡಿಗ್ರಿ, ಯಾವ ರೀತಿ ಅಂತ ಕೇಳಿ

ನಿಮಗೆ ಆಗಿರುವ ಡಿಗ್ರಿವರೆಗೆ ಮಾತ್ರ ನೀವು ಕೂರಬಹುದು. ಬಯಲಲ್ಲಿ ಮೂರನೆಯ ಡಿಗ್ರಿ ಇಟ್ಟುಕೊಳ್ಳುವವರು ಬಹಳ. ನೀವು ಇನ್ನೂ ಮಾಸ್ಟರ್ ಮೇಸನ್ ಆಗಿಲ್ಲದಿದ್ದರೆ ಅದಕ್ಕೆ ಹೋಗುವ ಪ್ರಶ್ನೆಯೇ ಇಲ್ಲ. ಸುಮ್ನೆ ಊಟಕ್ಕೆ ಹೋಗಿ ಬನ್ನಿ, ಮೊದಲೇ ಹೇಳಿ ಹೋಗಿ.

ನಮ್ಮಲ್ಲಿ ಇಂಗ್ಲೆಂಡಿನ ರೀತಿಯ ವಿಧಿ ಹೆಚ್ಚು. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಮಾತು, ಚಲನೆ, ಕ್ರಮ ಬೇರೆ. ಕಥೆ ಒಂದೇ, ಹೇಳುವ ಬಗೆ ಬೇರೆ. ಯಕ್ಷಗಾನದಲ್ಲಿ ಬಡಗುತಿಟ್ಟು ತೆಂಕುತಿಟ್ಟು ಇದ್ದ ಹಾಗೆ ಅಂದರೆ ನಮ್ಮವರಿಗೆ ತಟ್ಟನೆ ಅರ್ಥವಾಗುತ್ತದೆ. ಬಡಗು ನೋಡಿ ಬೆಳೆದವನು ತೆಂಕಿನ ರಂಗಸ್ಥಳದ ಮುಂದೆ ಕೂತು "ಹೀಗಲ್ಲ" ಅಂತ ಹೇಳುವುದಿಲ್ಲ. ಇಲ್ಲಿಯೂ ಹಾಗೆಯೇ ಇರಿ. ಯಾರಾದರೂ ಮಾತು ಮರೆತರೆ ನೆನಪಿಸಲು ಒಬ್ಬರನ್ನು ನೇಮಿಸಿರುತ್ತಾರೆ. ನಿಮಗೆ ಆ ಸಾಲು ಬಾಯಿಪಾಠ ಇದ್ದರೂ ತುಟಿ ಅಲ್ಲಾಡಿಸಬೇಡಿ.

ಎರಡು ವ್ಯತ್ಯಾಸ ಮಾತ್ರ ಮೊದಲೇ ತಿಳಿದಿರಲಿ, ಯಾಕೆಂದರೆ ಇವು ಕಾಲಿಗೆ ಸಂಬಂಧಿಸಿದ್ದು. ಅಲ್ಲಿ ಲಾಡ್ಜ್ ನಡುಮಧ್ಯೆ ಆಲ್ಟರ್ (ಧರ್ಮಗ್ರಂಥ ಇಡುವ ಪೀಠ) ಇರುತ್ತದೆ, ಪೂರ್ವದಲ್ಲಿ ಲಾಡ್ಜ್‌ನ ಮುಖ್ಯಸ್ಥರಾದ ವರ್ಷಿಪ್‌ಫುಲ್ ಮಾಸ್ಟರ್ ಕೂರುತ್ತಾರೆ. ಈ ಎರಡರ ನಡುವೆ ಹಾದುಹೋಗುವುದಿಲ್ಲ. ಹಾಲ್‌ನಲ್ಲಾದರೆ ಇದು ಕಣ್ಣಿಗೆ ಕಾಣುತ್ತದೆ, ಹುಲ್ಲಿನ ಮೇಲೆ ಗೆರೆ ಎಲ್ಲಿರುತ್ತದೆ? ಕೂರುವ ಮೊದಲು ಆಲ್ಟರ್ ಎಲ್ಲಿ, ಪೂರ್ವ ಎಲ್ಲಿ ಅಂತ ನೋಡಿಕೊಂಡು, ಹಿಂದಿನಿಂದ ಸುತ್ತಿ ಬನ್ನಿ. ಇನ್ನೊಂದು, ಮಾಸ್ಟರ್ ತಲೆಯ ಮೇಲೆ ಹ್ಯಾಟ್ ಇರುತ್ತದೆ. ಅದು ಅವರ ಅಧಿಕಾರದ ಗುರುತು. ಲಾಡ್ಜ್ ತೆರೆದ ಮೇಲೆ ನಿಮ್ಮ ಬಿಸಿಲು ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳಿ.

ಆಲ್ಟರ್ ಮೇಲೆ ಸಾಮಾನ್ಯವಾಗಿ ಬೈಬಲ್ ಒಂದೇ ಇರುತ್ತದೆ. ಗೀತೆ, ಕುರಾನ್, ಬೈಬಲ್, ಗುರು ಗ್ರಂಥ ಸಾಹಿಬ್, ಅವೆಸ್ತಾ ಒಟ್ಟಿಗೆ ಇಡುವ ನಮಗೆ ಅದು ಮೊದಲು ಖಾಲಿ ಅನ್ನಿಸುತ್ತದೆ. ಊಟದ ಹೊತ್ತಿನಲ್ಲಿ ನಾನು ನಮ್ಮ ಕ್ರಮ ಹೇಳಿದಾಗ ಆ ಮೇಜಿನಲ್ಲಿದ್ದ ಎಲ್ಲರೂ ತಟ್ಟೆ ಕೆಳಗಿಟ್ಟು ಕೇಳಿದರು. ಹೊರಡುವ ಮೊದಲು ಇದನ್ನು ಇಂಗ್ಲಿಷಿನಲ್ಲಿ ನಾಲ್ಕು ಸಾಲಾಗಿ ಹೇಳಲು ಅಭ್ಯಾಸ ಮಾಡಿಕೊಳ್ಳಿ. ಖಂಡಿತ ಕೇಳುತ್ತಾರೆ.

ಮುಂಬೈಯಲ್ಲೇ ಕಾಲು ಗಟ್ಟಿ ಮಾಡಿಕೊಳ್ಳಿ

ಕಾರ್ ನಿಲ್ಲುವ ಜಾಗದಿಂದ ಲಾಡ್ಜ್ ನಡೆಯುವ ಜಾಗಕ್ಕೆ ಎಷ್ಟು ದೂರ, ಏರು ಇದೆಯಾ, ಕಲ್ಲು ದಾರಿಯಾ ಅಂತ ಕೇಳಿ ತಿಳಿದುಕೊಳ್ಳಿ. ನಾನು ಹೋದಲ್ಲಿ ಇಪ್ಪತ್ತು ನಿಮಿಷದ ಏರು. ಇಳಿಯುವಾಗ ಕತ್ತಲೆ. ಮುಂಬೈಯಲ್ಲಿ ಇದಕ್ಕೆ ಒಳ್ಳೆಯ ಜಾಗ ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ. ಕಾನ್ಹೇರಿ ಗುಹೆಗಳವರೆಗೆ ಹೋಗಿ, ಬಂಡೆಯಲ್ಲಿ ಕಡಿದ ಆ ಮೆಟ್ಟಿಲುಗಳನ್ನು ಹತ್ತಿ ಇಳಿಯಿರಿ. ನೀವು ಅಮೆರಿಕಕ್ಕೆ ಒಯ್ಯುವ ಬೂಟನ್ನೇ ಹಾಕಿಕೊಂಡು ಹೋಗಿ. ಎರಡು ವಾರ ಬಿಟ್ಟು ಮತ್ತೆ ಹೋಗಿ. ಮಂಡಿ ಏನು ಹೇಳುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ಬಸಾಲ್ಟ್ ಬಂಡೆಯನ್ನು ಉಳಿಯಿಂದ ಕೊರೆದು ಮನೆ ಮಾಡಿದವರ ಜಾಗ ಅದು, ಮೇಸನ್ ಆದವನು ಅಲ್ಲಿಗೆ ಅಭ್ಯಾಸದ ನೆಪವಿಲ್ಲದೆಯೂ ಹೋಗಬೇಕು.

ನಡೆಯುವುದಕ್ಕಿಂತ ಕಷ್ಟದ್ದು ಕೂರುವುದು. ಮೂರನೆಯ ಡಿಗ್ರಿ ಎರಡು ಮೂರು ಗಂಟೆ ಹಿಡಿಯುತ್ತದೆ. ಮಡಚುವ ಕುರ್ಚಿಯಲ್ಲಿ, ಫ್ಯಾನ್ ಇಲ್ಲದೆ, ಫೋನ್ ಇಲ್ಲದೆ, ಎದ್ದು ಓಡಾಡದೆ. ಮನೆಯ ಟೆರೇಸಿನಲ್ಲಿ ಒಂದು ಸಂಜೆ ಎರಡು ಗಂಟೆ ಹೀಗೆ ಕೂತು ನೋಡಿ. ಬೆನ್ನಿಗೆ ಒಂದು ಸಣ್ಣ ದಿಂಬು ಬೇಕಾಗುತ್ತದಾ, ಕಾಲು ಜೋಮು ಹಿಡಿಯುತ್ತದಾ, ಎಷ್ಟು ಹೊತ್ತಿಗೆ ಬಾತ್‌ರೂಮಿಗೆ ಹೋಗಬೇಕಾಗುತ್ತದೆ ಎಲ್ಲ ತಿಳಿಯುತ್ತದೆ. ಬಿಪಿಗೆ ನೀರಿನ ಮಾತ್ರೆ ತೆಗೆದುಕೊಳ್ಳುವವರು ಆ ದಿನ ಅದನ್ನು ಎಷ್ಟು ಹೊತ್ತಿಗೆ ತೆಗೆದುಕೊಳ್ಳಬೇಕು ಅಂತ ಡಾಕ್ಟರ್ ಹತ್ತಿರ ಕೇಳಿಕೊಳ್ಳಿ. ತಾವಾಗಿ ಮಾತ್ರೆ ಬಿಡಬೇಡಿ. ಶುಗರ್ ಇರುವವರು ಜೇಬಿನಲ್ಲಿ ಗ್ಲೂಕೋಸ್ ಇಟ್ಟುಕೊಳ್ಳಿ, ಸದ್ದಾಗುವ ಪ್ಲಾಸ್ಟಿಕ್ ಕಾಗದದಲ್ಲಿ ಬೇಡ, ಸಣ್ಣ ಡಬ್ಬಿಯಲ್ಲಿ. ಬಯಲಲ್ಲಿ ಒಂದು ಚಾಕಲೇಟ್ ಕಾಗದ ಬಿಚ್ಚಿದ ಸದ್ದು ಎಷ್ಟು ದೂರ ಹೋಗುತ್ತದೆ ಅಂತ ಅಲ್ಲಿ ಕೂತಾಗಲೇ ನನಗೆ ಗೊತ್ತಾದದ್ದು.

ಬಟ್ಟೆ ಮತ್ತು ಚೀಲ

ನಮ್ಮಲ್ಲಿ ಕಪ್ಪು ಸೂಟು, ಟೈ, ಬಿಳಿ ಗ್ಲೌಸ್. ಅಲ್ಲಿ ಬಯಲಿನ ಡಿಗ್ರಿಗೆ ಜೀನ್ಸ್ ಹಾಕಿ ಬರುವವರೂ ಇರುತ್ತಾರೆ, ಸೂಟು ಹಾಕಿದವರೂ ಇರುತ್ತಾರೆ, ಲಾಡ್ಜ್ ಯಾವುದು ಹೇಳುತ್ತದೋ ಅದು. ಕೇಳಿಯೇ ಹೋಗಿ. ನನ್ನ ಅಭಿಪ್ರಾಯ ಕೇಳಿದರೆ, ಅವರು ಏನೇ ಅಂದರೂ ತೋಳು ಪೂರ್ತಿ ಇರುವ ಬಿಳಿ ಶರ್ಟು, ಕಪ್ಪು ಪ್ಯಾಂಟು ಹಾಕಿ ಹೋಗಿ. ಹೊಸಬನ ಸಂಜೆಗೆ ಅಷ್ಟು ಗೌರವ ಕೊಡಬೇಕು. ಅದೂ ಅಲ್ಲದೆ ಪೂರ್ತಿ ತೋಳು ಸೊಳ್ಳೆಗೂ ಒಳ್ಳೆಯದು.

ಬೂಟು ಮಾತ್ರ ಅಡಿಯಲ್ಲಿ ಹಿಡಿತ ಇರುವಂಥದ್ದು. ಅಡಿ ನುಣುಪಾದ ಫಾರ್ಮಲ್ ಬೂಟು ಇಬ್ಬನಿ ಬಿದ್ದ ಹುಲ್ಲಿನಲ್ಲಿ ಜಾರುತ್ತದೆ.

ಏಪ್ರನ್ ಒಯ್ಯಿರಿ. ಅಲ್ಲಿ ಗೇಟಿನಲ್ಲಿ ಬಿಳಿ ಬಟ್ಟೆಯ ಏಪ್ರನ್ ಕೊಡುವ ರೂಢಿ ಇದೆ, ಇಲ್ಲದಿದ್ದರೂ ನಡೆಯುತ್ತದೆ. ಆದರೆ ತಿಳಿನೀಲಿ ಅಂಚು, ಹೂವಿನ ಗುರುತು ಇರುವ ನಮ್ಮ ಏಪ್ರನ್ ನೋಡಿದರೆ ಮಾತಿಗೆ ಬರುತ್ತಾರೆ. ಮಡಚಬೇಡಿ, ಎರಡು ರಟ್ಟಿನ ನಡುವೆ ಚಪ್ಪಟೆಯಾಗಿ ಇಟ್ಟು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ. ಮಳೆಗಾಲದಲ್ಲಿ ಮನೆಯಿಂದ ಏರ್‌ಪೋರ್ಟ್ ಸೇರುವಷ್ಟರಲ್ಲಿಯೇ ಚೀಲದ ಒಳಗೆಲ್ಲ ತೇವ ಹಿಡಿಯುತ್ತದೆ, ಚರ್ಮದ ಏಪ್ರನ್‌ಗೆ ಬೂಷ್ಟು ಬಂದರೆ ಕಲೆ ಹೋಗುವುದಿಲ್ಲ.

ಇಷ್ಟರ ಜೊತೆ ಒಂದು ಸ್ವೆಟರ್. ಹಗಲು ಸೆಕೆ ಇದ್ದರೂ ಬೆಟ್ಟದ ಮೇಲೆ ರಾತ್ರಿ 60 ಡಿಗ್ರಿಗೆ ಇಳಿಯಬಹುದು. ಅದು ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 16ರ ಹತ್ತಿರ. ಮುಂಬೈಯ ಜನವರಿ ಬೆಳಗಿನ ಚಳಿ ನೆನಪು ಮಾಡಿಕೊಳ್ಳಿ. ಸೊಳ್ಳೆಗೆ ಹಚ್ಚಿಕೊಳ್ಳುವುದನ್ನು ಅಲ್ಲೇ ಕೊಳ್ಳಿ, ಕಾರಿನ ಹತ್ತಿರವೇ ಹಚ್ಚಿಕೊಂಡು ಬನ್ನಿ. ಕೂತ ಮೇಲೆ ಸ್ಪ್ರೇ ಹೊಡೆಯಬೇಡಿ. ಟಾರ್ಚ್ ಇರಲಿ, ಇಳಿಯುವಾಗ ಮಾತ್ರ ಹಚ್ಚಿ.

ಟಿಕ್ ಅನ್ನುವ ಹುಳುವಿನ ಬಗ್ಗೆ ಬೇರೆಯಾಗಿ ಹೇಳಲೇಬೇಕು. ನಮ್ಮ ಕಡೆ ದನ, ನಾಯಿಯ ಮೈಗೆ ಕಚ್ಚಿಕೊಳ್ಳುವ ಉಣ್ಣೆಯ ಜಾತಿ. ಹುಲ್ಲು, ಪೊದೆಗಳಲ್ಲಿ ಇರುತ್ತದೆ. ಅಮೆರಿಕದ ಈಶಾನ್ಯದ ರಾಜ್ಯಗಳಲ್ಲಿ ಇದರಿಂದ ಲೈಮ್ ರೋಗ ಬರುತ್ತದೆ. ಪ್ಯಾಂಟನ್ನು ಸಾಕ್ಸ್ ಒಳಗೆ ತುರುಕಿಕೊಂಡು ನಡೆಯಿರಿ, ಏಪ್ರನ್ ಕಟ್ಟುವಾಗ ಬೇಕಾದರೆ ಹೊರಗೆ ತೆಗೆಯಿರಿ. ಮನೆಗೆ ಬಂದ ಮೇಲೆ ಸ್ನಾನ ಮಾಡಿ, ಮಂಡಿಯ ಹಿಂದೆ, ತೊಡೆಸಂದಿ, ಕಂಕುಳು, ಕೂದಲ ಅಂಚು ಎಲ್ಲ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಬೇಕು, ಸುಡುವುದು ಎಣ್ಣೆ ಹಚ್ಚುವುದು ಮಾಡಬೇಡಿ. ಆಮೇಲಿನ ವಾರಗಳಲ್ಲಿ ಕೆಂಪು ವೃತ್ತದ ಹಾಗೆ ದದ್ದು ಹರಡಿದರೆ ಅಥವಾ ಜ್ವರ ಬಂದರೆ ಡಾಕ್ಟರ್ ಹತ್ತಿರ ಹೋಗಿ, ಟಿಕ್ ವಿಷಯ ಹೇಳಿ. ವಾಪಸ್ ಮುಂಬೈಗೆ ಬಂದ ಮೇಲೆ ಜ್ವರ ಬಂದರಂತೂ ಹೇಳಲೇಬೇಕು, ಇಲ್ಲಿಯ ಡಾಕ್ಟರ್ ಮಲೇರಿಯಾ ಡೆಂಗಿ ಅಂತಲೇ ಹುಡುಕುತ್ತಾರೆ.

ಆ ಸಂಜೆ

ಹೋಗುವ ಕಾರು, ಬರುವ ಕಾರು ಎರಡೂ ನಿಶ್ಚಯ ಮಾಡಿಕೊಂಡೇ ಹೊರಡಿ. ಇಂಥ ಜಾಗಗಳಲ್ಲಿ ಫೋನ್ ಸಿಗ್ನಲ್ ಇರದಿರಬಹುದು, ರಾತ್ರಿ ಹನ್ನೊಂದಕ್ಕೆ ಕ್ಯಾಬ್ ಸಿಗುವುದಿಲ್ಲ. ಅಲ್ಲಿನ ಬ್ರದರ್ ಒಬ್ಬರ ಕಾರಿನಲ್ಲಿ ಹೋಗಿ ಬರುವುದು ಎಲ್ಲಕ್ಕಿಂತ ಒಳ್ಳೆಯದು. ಮಳೆ ಬಂದರೆ ಎಲ್ಲಿ, ಹಾಲ್‌ಗೆ ಬದಲಾಯಿಸುತ್ತಾರಾ, ಅದೂ ಕೇಳಿಟ್ಟುಕೊಳ್ಳಿ.

ಒಂದು ಗಂಟೆ ಮೊದಲೇ ತಲುಪಿ. ಹೊರಗಿನಿಂದ ಬಂದವರನ್ನು ಪರೀಕ್ಷೆ ಮಾಡಲು ಎರಡು ಮೂರು ಜನ ಹಿರಿಯರು ಪಕ್ಕಕ್ಕೆ ಕರೆದುಕೊಂಡು ಹೋಗುತ್ತಾರೆ. ಕಾಗದ ನೋಡುತ್ತಾರೆ, ನೀವು ಮೇಸನ್ ಹೌದು ಅಂತ ತಮಗೆ ನಂಬಿಕೆ ಬರುವವರೆಗೆ ಕೇಳುತ್ತಾರೆ. ನಮ್ಮ ಉತ್ತರ ಅವರ ಉತ್ತರದ ಹಾಗೆ ಇರುವುದಿಲ್ಲ. ಹೆದರಬೇಡಿ. "ನಮ್ಮಲ್ಲಿ ಹೀಗೆ" ಅಂತ ಹೇಳಿ, ನಿಮಗೆ ಕಲಿಸಿದ್ದನ್ನೇ ಹೇಳಿ. ಊಹಿಸಿ ಹೇಳಬೇಡಿ. ಹೊರಡುವ ಮೊದಲು ನಿಮ್ಮ ಲಾಡ್ಜ್‌ನ ಹಿರಿಯರೊಬ್ಬರ ಜೊತೆ ಎದುರುಬದುರು ಕೂತು ಮೂರೂ ಡಿಗ್ರಿಯ ಪ್ರಶ್ನೆಗಳನ್ನು ಮೆಲುಕು ಹಾಕಿ. ನಾನು ಹೋದದ್ದು ಫೋರ್ಟಿನ ಫ್ರೀಮೇಸನ್ಸ್ ಹಾಲ್‌ಗೆ, ಸಿಎಸ್‌ಎಂಟಿಯಿಂದ ನಡೆದು ಹೋಗುವಷ್ಟು ಹತ್ತಿರ, ಅಲ್ಲಿ ಮೀಟಿಂಗ್ ಮುಗಿದ ಮೇಲೆ ಅರ್ಧ ಗಂಟೆಯಂತೆ ನಾಲ್ಕು ಸಲ ಕೂತೆವು. ಫೋನಿನಲ್ಲಿ ಬೇಡ, ವಾಟ್ಸಾಪ್‌ನಲ್ಲಂತೂ ಬೇಡವೇ ಬೇಡ.

ಗೇಟಿನಲ್ಲಿ ಟೈಲರ್ (ಬಟ್ಟೆ ಹೊಲಿಯುವವರಲ್ಲ, ಲಾಡ್ಜ್‌ನ ಬಾಗಿಲು ಕಾಯುವ ಬ್ರದರ್) ಕತ್ತಿ ಹಿಡಿದು ನಿಂತಿರುತ್ತಾರೆ. ಹಾಲ್‌ನಲ್ಲಿ ಒಂದು ಬಾಗಿಲಿಗೆ ಒಬ್ಬ ಟೈಲರ್ ಸಾಕು. ಬಯಲಲ್ಲಿ ಸುತ್ತಲೂ ಕಾಯಬೇಕು. ದಾರಿ, ಕಾಲುಹಾದಿ, ಮರಗಳ ಅಂಚು ಎಲ್ಲ ಕಡೆ ಬ್ರದರ್‌ಗಳನ್ನು ನಿಲ್ಲಿಸುತ್ತಾರೆ. ಕಾಯುವವರು ಡಿಗ್ರಿ ನೋಡುವುದಿಲ್ಲ. ಇಡೀ ಸಂಜೆ ಬೆನ್ನು ಮಾಡಿ ಕತ್ತಲನ್ನೇ ನೋಡುತ್ತಾರೆ. ಒಳಗೆ ಹೋಗುವಾಗ ಅವರಿಗೆ ತಲೆಬಾಗಿ ನಮಸ್ಕಾರ ಹೇಳಿ. ನಾನು ಹೊರಗೇ ಉಳಿದ ವರ್ಷ ನನಗೂ ನನ್ನ ಹೆಂಡತಿಗೂ ಫ್ಲಾಸ್ಕಿನಿಂದ ಕಾಫಿ ಕೊಟ್ಟದ್ದು ಹಾಗೆ ಕಾಯುತ್ತಿದ್ದ ಒಬ್ಬ ಹಿರಿಯರು.

ಫೋನ್ ಕಾರಿನಲ್ಲಿ ಬಿಡಿ. ಸೈಲೆಂಟ್ ಅಂತ ಜೇಬಿನಲ್ಲಿ ಇಟ್ಟುಕೊಳ್ಳುವುದೂ ಬೇಡ, ಕತ್ತಲಲ್ಲಿ ಸ್ಕ್ರೀನ್ ಬೆಳಕು ಎಲ್ಲರ ಕಣ್ಣಿಗೆ ಹೊಡೆಯುತ್ತದೆ. ಫೋಟೋ ಇಲ್ಲವೇ ಇಲ್ಲ. ಬಾತ್‌ರೂಮು ಕೆಳಗೇ ಮುಗಿಸಿ ಬನ್ನಿ. ಲಾಡ್ಜ್ ತೆರೆದ ಮೇಲೆ ಅಪ್ಪಣೆ ಇಲ್ಲದೆ ಏಳುವ ಹಾಗಿಲ್ಲ. ಆದರೂ ಮೈ ಸರಿಯಿಲ್ಲ ಅನ್ನಿಸಿದರೆ ಮುಚ್ಚಿಟ್ಟುಕೊಂಡು ಕೂರಬೇಡಿ, ಪಕ್ಕದವರ ಕೈ ಮುಟ್ಟಿ ಹೇಳಿ, ಅವರು ದಾರಿ ಮಾಡುತ್ತಾರೆ. ಅದಕ್ಕೇ ನಾನು ಅಂಚಿನ ಕುರ್ಚಿ ಹಿಡಿಯಿರಿ ಅನ್ನುವುದು.

ಅಲ್ಲಿ ಜೂನ್ ಜುಲೈಯಲ್ಲಿ ಸಂಜೆ ಎಂಟೂವರೆಯ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಆರಂಭ ಬೆಳಕಿನಲ್ಲಿ, ಮುಗಿಯುವುದು ಕತ್ತಲಲ್ಲಿ. ನಾನು ಕೂತಿದ್ದ ಕ್ವಾರಿಯಲ್ಲಿ ಆಲ್ಟರ್ ಸುತ್ತ ಮೂರು ದೀಪ ಬಿಟ್ಟರೆ ಬೇರೆ ಬೆಳಕಿರಲಿಲ್ಲ. ಮಾತು ಕಲ್ಲಿಗೆ ಬಡಿದು ನಿಧಾನಕ್ಕೆ ವಾಪಸ್ ಬರುತ್ತಿತ್ತು, ಅದಕ್ಕೇ ಅವರು ಒಂದೊಂದು ಸಾಲು ಹೇಳಿ ಸ್ವಲ್ಪ ನಿಲ್ಲಿಸುತ್ತಿದ್ದರು. ಆ ನಿಲ್ಲಿಸಿದ ಹೊತ್ತಿನಲ್ಲಿ ನೂರಕ್ಕೂ ಹೆಚ್ಚು ಜನ ಕೂತಿದ್ದರೂ ಒಂದು ಕುರ್ಚಿ ಕಿರುಗುಟ್ಟಲಿಲ್ಲ, ಜೀರುಂಡೆ ಒಂದೇ ಕೇಳುತ್ತಿತ್ತು. ನನ್ನದೇ ಮೂರನೆಯ ಡಿಗ್ರಿಯ ದಿನ ನನಗೆ ಅರ್ಥವಾಗದ ಒಂದು ಮಾತು ಆ ರಾತ್ರಿ ಅರ್ಥವಾಯಿತು. ಯಾವ ಮಾತು ಅಂತ ಇಲ್ಲಿ ಬರೆಯುವಂತಿಲ್ಲ. ನೀವು ಹೋಗಿ ಕೂತರೆ ನಿಮಗೂ ಒಂದು ಸಿಗುತ್ತದೆ.

ಊಟ, ಮಾತು, ಮನೆಯವರು

ನಮ್ಮಲ್ಲಿ ಊಟ ಆಮೇಲೆ. ಅಲ್ಲಿ ಬಯಲಿನ ಡಿಗ್ರಿಗೆ ಹೆಚ್ಚಾಗಿ ಮೊದಲೇ ಊಟ, ಕಾರು ನಿಲ್ಲುವ ಕಡೆ ಬೆಂಕಿ ಹಾಕಿ ಮಾಡುತ್ತಾರೆ. ಊಟಕ್ಕೆ ಹೆಂಡತಿ ಮಕ್ಕಳೂ ಬರಬಹುದಾ ಅಂತ ಕೇಳಿ, ಎಷ್ಟೋ ಕಡೆ ಬರಬಹುದು. ಡಿಗ್ರಿ ಶುರುವಾಗುವ ಮೊದಲು ಅವರು ಹೊರಡಬೇಕು, ಅವರಿಗೂ ಬೇರೆ ಕಾರು ಇಟ್ಟುಕೊಳ್ಳಿ. ಬರ್ಗರ್ ಅಂದರೆ ಬೀಫ್ ಅಂತಲೇ ತಿಳಿಯಿರಿ. ಸಸ್ಯಾಹಾರಿಗಳು ಬೇಯಿಸಿದ ಬೀನ್ಸ್ ಕಂಡು ಸಮಾಧಾನ ಪಡಬೇಡಿ, ಅದರಲ್ಲಿ ಹಂದಿ ಮಾಂಸದ ಚೂರು ಹಾಕುವುದು ಮಾಮೂಲು. ಆಲೂಗಡ್ಡೆ ಸಲಾಡಿನಲ್ಲಿ ಮೊಟ್ಟೆ. ಸುಟ್ಟ ಜೋಳ, ಹಣ್ಣು, ಬ್ರೆಡ್ ಸಿಗುತ್ತದೆ. ನನ್ನ ಹೆಂಡತಿ ಚಪಾತಿ, ಚಟ್ನಿಪುಡಿ ಕಟ್ಟಿಕೊಟ್ಟಿದ್ದಳು, ಪಕ್ಕದಲ್ಲಿ ಕೂತವರಿಗೂ ಅದರ ರುಚಿ ಹಿಡಿಸಿತು. ಊಟಕ್ಕೆ ಟಿಕೆಟ್ ಇದ್ದರೆ ಮೊದಲೇ ಕೊಳ್ಳಿ. ದಾನದ ಡಬ್ಬಿ ಬಂದರೆ ಹಾಕಲು ಕೆಲವು ಡಾಲರ್ ಚಿಲ್ಲರೆ ಇರಲಿ.

ಹೊರಗಿನಿಂದ ಬಂದವರನ್ನು ಎದ್ದು ನಿಲ್ಲಿಸಿ ಪರಿಚಯ ಕೇಳುವುದಿದೆ. ಒಂದು ನಿಮಿಷದ ಮಾತು ಸಿದ್ಧ ಇರಲಿ. ನಿಮ್ಮ ಲಾಡ್ಜ್‌ನ ಹೆಸರು, ನಂಬರು, ನಿಮ್ಮ ಮಾಸ್ಟರ್ ಕಳಿಸಿದ ಶುಭಾಶಯ. ಮುಂಬೈಯಲ್ಲಿ 1758ರಲ್ಲೇ ಮೊದಲ ಲಾಡ್ಜ್ ಬಂತು, ಭಾರತೀಯರನ್ನು ಸೇರಿಸಿಕೊಳ್ಳಲೆಂದೇ 1843ರಲ್ಲಿ ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ ಅನ್ನುವ ಲಾಡ್ಜ್ ಶುರುವಾಯಿತು ಅಂತ ಹೇಳಿ. ಭಾರತದಲ್ಲೂ ಮೇಸನ್‌ಗಳಿದ್ದಾರಾ ಅಂತ ಕೇಳುವವರಿಗೆ ಅಷ್ಟು ಸಾಕು. ಕೊನೆಗೆ ಹೊಸಬನ ಕಡೆ ತಿರುಗಿ ಕನ್ನಡದಲ್ಲಿ ಒಂದು ಸಾಲು ಹೇಳಿ. "ತಮ್ಮಾ, ನಿನಗೆ ಒಳ್ಳೆಯದಾಗಲಿ" ಅಂತ ನಾನು ಹೇಳಿ, ಇಂಗ್ಲಿಷಿನಲ್ಲಿ ಅರ್ಥ ಹೇಳಿದೆ. ರಾಜಕೀಯ, ಧರ್ಮದ ಚರ್ಚೆ ಊಟದ ಮೇಜಿನಲ್ಲೂ ಬೇಡ.

ಮನೆಯವರಿಗೆ ಏನೂ ನೋಡಲು ಸಿಗಲಿಲ್ಲ ಅನ್ನುವ ಬೇಜಾರು ಸಹಜ. ಅವರನ್ನು ಕರೆದುಕೊಂಡು ಹೋಗಬಹುದಾದ ಬಯಲಿನ ವಿಧಿ ಒಂದಿದೆ: ಮೂಲೆಗಲ್ಲು ಇಡುವುದು. ಇದು ಎಲ್ಲರ ಎದುರೇ ನಡೆಯುತ್ತದೆ. ಮೂಲೆಮಟ್ಟ, ರಸಮಟ್ಟ, ತೂಕದ ಗುಂಡು ಹಿಡಿದು ಕಲ್ಲು ಪರೀಕ್ಷಿಸಿ, ಅದರ ಮೇಲೆ ಧಾನ್ಯ, ವೈನ್, ಎಣ್ಣೆ ಸುರಿಯುತ್ತಾರೆ. ವಾಷಿಂಗ್ಟನ್ನಿನ ಕ್ಯಾಪಿಟಲ್ ಕಟ್ಟಡಕ್ಕೆ 1793ರ ಸೆಪ್ಟೆಂಬರ್ 18ರಂದು ಜಾರ್ಜ್ ವಾಷಿಂಗ್ಟನ್ ಏಪ್ರನ್ ಕಟ್ಟಿ ಹೀಗೆಯೇ ಕಲ್ಲು ಇಟ್ಟರು. ನಮ್ಮ ಭೂಮಿಪೂಜೆ ನೋಡಿದವರಿಗೆ ತುಂಬಾ ಹತ್ತಿರ ಅನ್ನಿಸುತ್ತದೆ. ಮಗಳ ಊರಿನ 50 ಮೈಲಿ ಒಳಗೆ ಯಾವುದಾದರೂ ಇದೆಯಾ ಅಂತ ಅಲ್ಲಿನ ಸೆಕ್ರೆಟರಿ ಹತ್ತಿರ ಕೇಳಿ.

ಮಾರನೆಯ ದಿನ

ಟಿಕ್ ಇನ್ನೊಮ್ಮೆ ನೋಡಿಕೊಳ್ಳಿ. ಆ ಲಾಡ್ಜ್ ಸೆಕ್ರೆಟರಿಗೆ ಥ್ಯಾಂಕ್ಸ್ ಹೇಳಿ ಕೈಯಲ್ಲೇ ಒಂದು ಪತ್ರ ಬರೆಯಿರಿ. ಮುಂಬೈಗೆ ಬಂದ ಮೇಲೆ ನಿಮ್ಮ ಲಾಡ್ಜ್‌ನಲ್ಲಿ ಎದ್ದು ನಿಂತು ಅವರ ಶುಭಾಶಯ ತಲುಪಿಸಿ, ಅದು ಅವರು ನಿಮ್ಮ ಕೈಗೆ ಒಪ್ಪಿಸಿದ ಕೆಲಸ.

ಹೊಸಬನಿಗೂ ಎರಡು ಸಾಲು ಬರೆಯಿರಿ. ನಾನು ಬರೆದ ಹುಡುಗ ಈಗ ವರ್ಷಕ್ಕೆರಡು ಸಲ ಉತ್ತರ ಬರೆಯುತ್ತಾನೆ, ಕೆಲಸದ ಮೇಲೆ ಪುಣೆಗೆ ಬರುವುದಿದೆಯಂತೆ. ಬಂದರೆ ಒಂದು ಸಂಜೆ ಫೋರ್ಟಿನ ಹಾಲ್‌ಗೆ ಕರೆದುಕೊಂಡು ಹೋಗಬೇಕು, ಮಾರನೆಯ ಬೆಳಿಗ್ಗೆ ಮಾಟುಂಗಾದಲ್ಲಿ ಇಡ್ಲಿ ಸಾಂಬಾರ್ ತಿನ್ನಿಸಬೇಕು. ಬರುವ ಎರಡು ತಿಂಗಳ ಮೊದಲೇ ಅವನ ಲಾಡ್ಜ್‌ನಿಂದ ಪತ್ರ ಹೊರಡಿಸಲು ಹೇಳಿದ್ದೇನೆ, ಇಲ್ಲೂ ಬಾಗಿಲಲ್ಲಿ ಕೇಳುತ್ತಾರೆ.